ಎರಡು ಕೈಗಳ ನಾಡಿ

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಛಂದಸ್ಸನ್ನೋ ಹಳಗನ್ನಡದ ಒಂದು ಪ್ರಸಂಗವನ್ನೋ ಕುರಿತು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುವುದು ನಮ್ಮ ರೂಢಿ. ಈ ವರ್ಷ ತೋಳಿನ ಧಮನಿಯನ್ನೂ ಅದಕ್ಕೆ ಮಾಡುವ ಬಲೂನಿನ ಚಿಕಿತ್ಸೆಯನ್ನೂ ಕುರಿತು ಮಾತನಾಡುತ್ತೇವೆಂದು ತಿಳಿಸಿದಾಗ ಕಾರ್ಯದರ್ಶಿಗಳು ನಕ್ಕು, “ಪಂಡಿತರೇ, ವ್ಯಾಕರಣ ಬಿಟ್ಟು ವೈದ್ಯಕ್ಕೆ ಯಾವಾಗ ಇಳಿದಿರಿ?” ಎಂದು ಕೇಳಿದರು. ನಾವು ವೈದ್ಯರಲ್ಲ, ವೈದ್ಯರ ಆಸನದಲ್ಲಿ ಕುಳಿತುಕೊಳ್ಳುವ ಆಸೆಯೂ ನಮಗಿಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನಮಗೆ ಕಲಿಸಿದ ಪಾಠವನ್ನು ತಮ್ಮ ಮುಂದೆ ಇಡಬೇಕೆಂಬುದಷ್ಟೇ ಉದ್ದೇಶ. ಹೇಳುವುದರಲ್ಲಿ ತಪ್ಪಿದ್ದರೆ ಸಭೆಯಲ್ಲಿರುವ ವೈದ್ಯರು ತಿದ್ದಬೇಕು.

ನಮ್ಮ ಅಕ್ಕನಿಗೆ ಐವತ್ತೆಂಟು ವರ್ಷ. ಕುಂಬಳೆ ಸೀಮೆಯ ಒಂದು ಹಳ್ಳಿಯಲ್ಲಿ ವಾಸ. ಮನೆಗೆ ನಲ್ಲಿ ಬಂದಿದ್ದರೂ ಕುಡಿಯುವ ನೀರನ್ನು ಬಾವಿಯಿಂದಲೇ ಸೇದಿ ತರುವವರು ಆಕೆ. ಕೆಲವು ವರ್ಷಗಳ ಹಿಂದೆ ಒಂದು ದಿನ ಆಕೆ ನಮ್ಮೊಡನೆ ಹೇಳಿದರು: “ತಮ್ಮಾ, ಐದಾರು ಕೊಡ ಸೇದುವಷ್ಟರಲ್ಲಿ ಎಡಗೈ ಸೋತು ಹೋಗುತ್ತದೆ. ಸ್ವಲ್ಪ ಹೊತ್ತು ಕೂತರೆ ಸರಿಯಾಗುತ್ತದೆ. ಮತ್ತೆ ಹಗ್ಗ ಹಿಡಿದರೆ ಮತ್ತೆ ಅದೇ ಕಥೆ.” ವಯಸ್ಸಾಯಿತಲ್ಲ, ವಾತವಿರಬೇಕು ಎಂದು ನಾವು ಒಂದು ಸೀಸೆ ತೈಲವನ್ನು ಕಳುಹಿಸಿಕೊಟ್ಟೆವು. ಇನ್ನೊಂದು ದಿನ ನೀರು ಸೇದುತ್ತಿದ್ದಂತೆ ಕಣ್ಣು ಕತ್ತಲೆಗಟ್ಟಿ, ಬಾವಿಕಟ್ಟೆಯನ್ನು ತಬ್ಬಿ ನಿಂತುಕೊಂಡರಂತೆ. ಉಪವಾಸ ಹೆಚ್ಚಾಯಿತೆಂದು ಆಗಲೂ ನಾವೇ ಗದರಿಸಿದೆವು. ಹೀಗೆ ಒಂದು ವರ್ಷ ಕಳೆಯಿತು. ಬಾವಿಯೊಳಗೆ ಬಿದ್ದಿದ್ದರೆ ಎಂಬ ಯೋಚನೆ ಇಂದಿಗೂ ನಮ್ಮನ್ನು ರಾತ್ರಿ ಎಬ್ಬಿಸುತ್ತದೆ.

ಇನ್ನೂ ಒಂದು ಸಂಗತಿಯುಂಟು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ತಿಂಗಳಿಗೊಮ್ಮೆ ಹತ್ತಿರದ ಚಿಕಿತ್ಸಾಲಯದಲ್ಲಿ ರಕ್ತದೊತ್ತಡವನ್ನೂ ಅಳೆಯುತ್ತಿದ್ದರು. ಕುರ್ಚಿ ಇದ್ದ ಕಡೆಯಿಂದ ಅನುಕೂಲವಾಗುತ್ತದೆಂದು ಯಾವಾಗಲೂ ಎಡಗೈಗೇ ಪಟ್ಟಿ ಕಟ್ಟುತ್ತಿದ್ದರು. ಒತ್ತಡ ನೂರ ಹದಿನೈದು, ನೂರ ಇಪ್ಪತ್ತು. “ಬಹಳ ಚೆನ್ನಾಗಿದೆ ಅಮ್ಮಾ” ಎಂಬ ಮಾತು. ಒಂದು ದಿನ ಅಲ್ಲಿಗೆ ಬದಲಿಯಾಗಿ ಬಂದಿದ್ದ ತರುಣ ವೈದ್ಯೆಯೊಬ್ಬರು ಅಕ್ಕನ ಎಡ ಮಣಿಕಟ್ಟನ್ನು ಹಿಡಿದು ನೋಡಿದರು. ಬಲ ಮಣಿಕಟ್ಟನ್ನು ಹಿಡಿದು ನೋಡಿದರು. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದು ಸುಮ್ಮನೆ ಕುಳಿತರು. ಅನಂತರ ಎರಡೂ ತೋಳುಗಳಲ್ಲಿ ಒತ್ತಡವನ್ನು ಅಳೆದರು. ಎಡಗೈಯಲ್ಲಿ 116, ಬಲಗೈಯಲ್ಲಿ 172.

“ಇದರಲ್ಲಿ ಯಾವ ಕೈಯನ್ನು ನಂಬುವುದು?” ಎಂದು ನಾವು ಕೇಳಿದೆವು.

“ಹೆಚ್ಚು ತೋರಿಸುವ ಕೈಯನ್ನು, ಮಾಸ್ತರರೇ,” ಎಂದರು ಅವರು. “ಎಡಗೈಗೆ ಹೋಗುವ ದಾರಿ ಕಿರಿದಾಗಿದೆ. ಅಲ್ಲಿ ಒತ್ತಡ ಕಡಿಮೆಯಾಗಿ ಕಾಣುತ್ತದೆ. ಹೃದಯವೂ ಮಿದುಳೂ ಇಷ್ಟು ವರ್ಷ ತಾಳಿಕೊಂಡದ್ದು ಬಲಗೈ ಹೇಳುತ್ತಿರುವ ಒತ್ತಡವನ್ನು.”

ಬಂಧುಗಳೇ, ಆ ಮಾತನ್ನು ಕೇಳಿ ನಾವು ತಲೆ ತಗ್ಗಿಸಿದೆವು. ನಮ್ಮ ದೇಶದ ವೈದ್ಯಪರಂಪರೆಯಲ್ಲಿ ನಾಡೀಪರೀಕ್ಷೆಯನ್ನು ವಿವರಿಸಿದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆ. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ಧಮನಿಯನ್ನು ಅದು ‘ಜೀವಸಾಕ್ಷಿಣಿ’ ಎಂದು ಕರೆಯುತ್ತದೆ. ಜೀವವಿದೆಯೆಂಬುದಕ್ಕೂ ಅದು ಹೇಗಿದೆಯೆಂಬುದಕ್ಕೂ ಸಾಕ್ಷಿ ಹೇಳುವಂಥದು ಎಂದರ್ಥ. ತರಗತಿಯಲ್ಲಿ ನಾವು ಎಷ್ಟೋ ಸಲ ಈ ಸಮಾಸವನ್ನು ಬಿಡಿಸಿ ಹೇಳಿದ್ದುಂಟು. ಗಂಡಸಿಗೆ ಬಲಗೈ, ಹೆಂಗಸಿಗೆ ಎಡಗೈ ನೋಡಬೇಕೆಂಬ ಸಂಪ್ರದಾಯವನ್ನೂ ಹೇಳಿದ್ದುಂಟು. ಆದರೆ ಸಾಕ್ಷಿಯೊಬ್ಬನು ತಪ್ಪು ಹೇಳಬಹುದು. ದೇಹವು ನಮಗೆ ಇಬ್ಬರು ಸಾಕ್ಷಿಗಳನ್ನು ಕೊಟ್ಟಿರುವಾಗ ಒಬ್ಬನನ್ನು ಮಾತ್ರ ಕೇಳಿ ತೀರ್ಪು ಬರೆದರೆ ಅದು ನ್ಯಾಯವೆನಿಸದು. ಇಂದಿನ ಭಾಷಣದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಇನ್ನು ದೇಹದೊಳಗಿನ ದಾರಿಯನ್ನು ಸ್ವಲ್ಪ ನೋಡೋಣ. ಹೃದಯದಿಂದ ಹೊರಡುವ ಮಹಾಧಮನಿಯು ಮೇಲಕ್ಕೆ ಏರಿ ಕಮಾನಿನಂತೆ ಬಾಗುತ್ತದೆ. ಎಡಗೈಗೆ ಹೋಗುವ ಧಮನಿ ಆ ಕಮಾನಿನಿಂದ ನೇರವಾಗಿಯೇ ಕವಲೊಡೆಯುತ್ತದೆ. ಬಲಗೈಯದು ಕತ್ತಿನ ಬಲಭಾಗಕ್ಕೆ ಹೋಗುವ ಧಮನಿಯೊಡನೆ ಒಂದೇ ಬುಡದಿಂದ ಹೊರಡುತ್ತದೆ. ಎರಡೂ ಕೊರಳೆಲುಬಿನ ಅಡಿಯಲ್ಲಿ ಹಾದು ಹೋಗುವುದರಿಂದ ಅವುಗಳಿಗೆ ಆ ಅರ್ಥದ ‘ಸಬ್‌ಕ್ಲೇವಿಯನ್’ ಎಂಬ ಹೆಸರು. ಮುಂದೆ ಅದೇ ಧಮನಿ ಕಂಕುಳನ್ನೂ ತೋಳನ್ನೂ ದಾಟಿ, ಮೊಣಕೈಯ ಬಳಿ ಎರಡಾಗಿ ಒಡೆದು, ಮಣಿಕಟ್ಟಿನಲ್ಲಿ ನಮ್ಮ ಬೆರಳಿಗೆ ಸಿಗುವ ನಾಡಿಯಾಗುತ್ತದೆ. ಈ ಧಮನಿಯು ಕಿರಿದಾಗುವುದು ಹೆಚ್ಚಾಗಿ ಅದರ ಬುಡದಲ್ಲಿ. ಅದೂ ಬಲಗಡೆಗಿಂತ ಎಡಗಡೆಯಲ್ಲಿ ಹಲವು ಪಟ್ಟು ಹೆಚ್ಚು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ಒಂದು ಸುಲಭವಾದ ಉಪಮಾನವುಂಟು. ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳನ್ನು ತಾವೆಲ್ಲ ಬಲ್ಲಿರಿ. ಸುರಂಗದೊಳಗೆ ಮಣ್ಣು ಕುಸಿದು ದಾರಿ ಅರ್ಧ ಮುಚ್ಚಿದರೂ ತೋಟ ಕೂಡಲೇ ಒಣಗುವುದಿಲ್ಲ. ಮಳೆಗಾಲದಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಬೇಸಗೆಯಲ್ಲಿ, ನೀರು ಹೆಚ್ಚು ಬೇಕಾದಾಗ, ಕೊರತೆ ತೋರುತ್ತದೆ. ಕೈಯೂ ಹಾಗೆಯೇ. ಸುಮ್ಮನಿರುವಾಗ ಅದಕ್ಕೆ ಬೇಕಾದ ರಕ್ತ ಸ್ವಲ್ಪ. ಹಗ್ಗ ಎಳೆಯುವಾಗ, ಬಟ್ಟೆ ಹಿಂಡುವಾಗ, ಕರಿಹಲಗೆಯ ಮೇಲೆ ಕೈಯೆತ್ತಿ ಬರೆಯುವಾಗ ಬೇಕಾದುದು ಬಹಳ. ಆಗಲೇ ಕೈ ಸೋಲುವುದು, ಜೋಮು ಹಿಡಿಯುವುದು, ಬೆರಳು ತಣ್ಣಗಾಗುವುದು.

ಹಾಗಾದರೆ ಕಣ್ಣು ಕತ್ತಲೆಗಟ್ಟುವುದೇಕೆ? ಇದು ವಿಚಿತ್ರವಾದ ಸಂಗತಿ. ಕೈಗೆ ಹೋಗುವ ಧಮನಿಯಿಂದಲೇ ಒಂದು ಕವಲು ಕತ್ತಿನ ಹಿಂಬದಿಯಲ್ಲಿ ಮೇಲೇರಿ ಮಿದುಳಿನ ಹಿಂಭಾಗಕ್ಕೆ ರಕ್ತವನ್ನು ಒಯ್ಯುತ್ತದೆ. ಎಡದಲ್ಲಿ ಒಂದು, ಬಲದಲ್ಲಿ ಒಂದು. ಮೇಲೆ ಎರಡೂ ಕೂಡಿಕೊಳ್ಳುತ್ತವೆ. ಎಡಗೈಯ ಧಮನಿ ಬುಡದಲ್ಲೇ ಕಿರಿದಾದಾಗ, ಹಸಿದ ಕೈಯು ಆ ಕವಲಿನ ಮೂಲಕ ರಕ್ತವನ್ನು ಹಿಮ್ಮುಖವಾಗಿ ಸೆಳೆದುಕೊಳ್ಳುತ್ತದೆ. ಬಲಗಡೆಯಿಂದ ಮಿದುಳಿಗೆಂದು ಏರಿದ ರಕ್ತದಲ್ಲಿ ಒಂದು ಪಾಲು ಎಡಗಡೆಯಿಂದ ಇಳಿದು ಕೈಗೆ ಬರುತ್ತದೆ. ನಮ್ಮ ತೋಟದ ತೋಡು ಕಟ್ಟಿಕೊಂಡಾಗ ನೆರೆಯವರ ತೋಟಕ್ಕೆ ಹೋಗಬೇಕಾದ ನೀರು ನಮ್ಮ ಕಡೆಗೆ ತಿರುಗಿದ ಹಾಗೆ. ವೈದ್ಯರು ಇದಕ್ಕೆ 1961ರಲ್ಲಿ ‘ಕಳವು’ ಎಂಬರ್ಥದ ಹೆಸರನ್ನೇ ಇಟ್ಟರು. ರಕ್ತಚೌರ್ಯ ಎಂದು ನಾವು ಕನ್ನಡಿಸಿಕೊಳ್ಳಬಹುದು. ಹಲವರಲ್ಲಿ ಈ ಕಳವು ಸದ್ದಿಲ್ಲದೆ ನಡೆಯುತ್ತದೆ, ತೊಂದರೆ ಕೊಡುವುದಿಲ್ಲ. ನಮ್ಮ ಅಕ್ಕನಂಥ ಕೆಲವರಲ್ಲಿ ಕೈ ದುಡಿದಾಗ ತಲೆ ಸುತ್ತುತ್ತದೆ.

ದಾರಿ ಕಿರಿದಾಗಲು ಕಾರಣಗಳು ಹಲವು. ವಯಸ್ಸಾದವರಲ್ಲಿ ಮುಖ್ಯವಾದುದು ಧಮನಿಯ ಒಳಗೋಡೆಯಲ್ಲಿ ಕಟ್ಟಿಕೊಳ್ಳುವ ಜಿಡ್ಡು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಬ್ಬು ಇವು ಅದನ್ನು ಬೆಳೆಸುತ್ತವೆ. ಕೈಯ ಧಮನಿಯಲ್ಲಿ ಜಿಡ್ಡು ಇದ್ದವರ ಹೃದಯದ ಧಮನಿಯಲ್ಲೂ ಕತ್ತಿನ ಧಮನಿಯಲ್ಲೂ ಅದು ಇರುವ ಸಂಭವ ಹೆಚ್ಚು. ತರುಣಿಯರಲ್ಲಿ ಇನ್ನೊಂದು ಕಾರಣವುಂಟು: ಧಮನಿಯ ಗೋಡೆಯೇ ಉರಿಯೂತದಿಂದ ದಪ್ಪವಾಗುವ ತಕಯಾಸು ರೋಗ. ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಒಬ್ಬ ತರುಣಿಯ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದರು. ಅಂಥ ರೋಗಿಗಳಿಗೆ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲವೆಂದು ಬೇರೆ ವೈದ್ಯರು ತೋರಿಸಿಕೊಟ್ಟರು. ಆದುದರಿಂದ ಅದಕ್ಕೆ ‘ನಾಡಿಯಿಲ್ಲದ ರೋಗ’ ಎಂಬ ಹೆಸರೂ ಬಂದಿತು. ಭಾರತದಲ್ಲಿಯೂ ಈ ರೋಗ ಕಾಣಸಿಗುತ್ತದೆ. ಹುಡುಗಿಗೆ ನಾಡಿ ದುರ್ಬಲ ಎಂದು ನಕ್ಕು ಬಿಡತಕ್ಕುದಲ್ಲ.

ಕಿರಿದಾದ ದಾರಿಯನ್ನು ಒಳಗಿನಿಂದಲೇ ಅಗಲಿಸುವ ಉಪಾಯ ಹೇಗೆ ಬಂದಿತೆಂಬುದು ಕೇಳತಕ್ಕ ಕಥೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ಸಿರೆಯನ್ನು ತಾನೇ ಬಿಡಿಸಿ, ಉದ್ದವಾದ ತೆಳುಗೊಳವೆಯನ್ನು ಹೃದಯದವರೆಗೆ ತಳ್ಳಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡನು. ಮೇಲಿನವರು ಮೆಚ್ಚಲಿಲ್ಲ. 1956ರಲ್ಲಿ ಇತರ ಇಬ್ಬರೊಡನೆ ಅವನಿಗೆ ನೊಬೆಲ್ ಬಹುಮಾನ ದೊರೆಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬವರು, ಧಮನಿಯನ್ನು ಕೊಯ್ಯದೆ, ಸೂಜಿಯ ಮೂಲಕ ತಂತಿಯನ್ನೂ ತಂತಿಯ ಮೇಲೆ ಕೊಳವೆಯನ್ನೂ ಸೇರಿಸುವ ಕ್ರಮವನ್ನು ಪ್ರಕಟಿಸಿದರು. 1964ರ ಜನವರಿ 16ರಂದು ಅಮೆರಿಕೆಯ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಅವರು, ಕಾಲು ಕತ್ತರಿಸಿಕೊಳ್ಳಲು ಒಪ್ಪದ ಎಂಬತ್ತೆರಡು ವರ್ಷದ ಮುದುಕಿಯೊಬ್ಬರ ಕಾಲಿನ ಧಮನಿಯನ್ನು ಇಂಥ ಕೊಳವೆಗಳಿಂದ ಅಗಲಿಸಿದರು. ಕಾಲು ಉಳಿಯಿತು, ಆಕೆ ತನ್ನ ಕಾಲ ಮೇಲೆಯೇ ನಡೆದಾಡಿದರು.

ಆದರೆ ಗಟ್ಟಿ ಕೊಳವೆಯನ್ನು ನೂಕುವುದರಲ್ಲಿ ಒಂದು ತೊಡಕು. ದಾರಿ ಎಷ್ಟು ಅಗಲವಾಗಬೇಕೋ ಅಷ್ಟೇ ದಪ್ಪದ ಕೊಳವೆಯನ್ನು ಚರ್ಮದಿಂದಲೇ ತೂರಿಸಬೇಕು. ಚಿಕ್ಕದಾಗಿ ಒಳಹೊಕ್ಕು ಬೇಕಾದಲ್ಲಿ ಮಾತ್ರ ದೊಡ್ಡದಾಗುವ ವಸ್ತು ಬೇಕಾಗಿತ್ತು. ರಬ್ಬರಿನ ಬುಗ್ಗೆಯನ್ನು ಊದಿದರೆ ಅದು ಗಡಸಾದ ಕಡೆ ಹಿಗ್ಗದೆ ಮೆತ್ತಗಿರುವ ಕಡೆ ಉಬ್ಬುತ್ತದೆ. ಜಾತ್ರೆಯ ಬುಗ್ಗೆಯನ್ನು ಹಿಸುಕಿದ ಮಕ್ಕಳಿಗೂ ಇದು ಗೊತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದ ಜರ್ಮನ್ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು, ಗೊತ್ತಾದ ಅಳತೆಗಿಂತ ಹೆಚ್ಚು ಹಿಗ್ಗದ ಬಲೂನನ್ನು ಪ್ಲಾಸ್ಟಿಕ್ಕಿನಿಂದ ತಮ್ಮ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ರಾತ್ರಿಗಳನ್ನು ಕಳೆದು ತಯಾರಿಸಿದರು. 1974ರಲ್ಲಿ ಅದನ್ನು ಕಾಲಿನ ಕಡೆಯ ಧಮನಿಗೂ, 1977ರ ಸೆಪ್ಟೆಂಬರ್ 16ರಂದು ಎಚ್ಚರವಾಗಿದ್ದ ಒಬ್ಬ ರೋಗಿಯ ಹೃದಯದ ಧಮನಿಗೂ ಬಳಸಿದರು. ಕೈಗೆ ಹೋಗುವ ಧಮನಿಯಲ್ಲಿ ಬಲೂನಿನ ಚಿಕಿತ್ಸೆ ಫಲಿಸಿದ ವರದಿಗಳು 1980ರಲ್ಲಿ ಬಂದುವು. ಇಲ್ಲಿ ನಮ್ಮ ಕಸುಬಿನ ಒಂದು ಮಾತನ್ನು ಹೇಳಲು ಅಪ್ಪಣೆಯಿರಲಿ. ‘ಧಮನಿ’ ಎಂಬ ಶಬ್ದ ಊದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದಿದೆ. ಊದುಗೊಳವೆಯ ಹೆಸರನ್ನು ಹೊತ್ತ ನಾಳಕ್ಕೆ ಕೊನೆಗೆ ಊದುವ ಚಿಕಿತ್ಸೆಯೇ ಬಂದಿತಲ್ಲ ಎಂದು ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಯೋಚಿಸಿದ್ದುಂಟು.

ಹೌದು, ಅಕ್ಕನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಧ್ವನಿತರಂಗದ ಪರೀಕ್ಷೆಯಾಯಿತು, ಧಮನಿಯ ಚಿತ್ರ ತೆಗೆದರು, ಎಡ ಧಮನಿಯ ಬುಡದಲ್ಲಿ ದಾರಿ ಬಹಳ ಕಿರಿದಾಗಿರುವುದು ಸ್ಪಷ್ಟವಾಯಿತು. ಮರುದಿನ ಬಲೂನಿನ ಚಿಕಿತ್ಸೆಯೆಂದು ನಿಶ್ಚಯಿಸಿ, ಮೂರು ಪುಟಗಳ ಸಮ್ಮತಿಪತ್ರವನ್ನು ಅಕ್ಕನ ಕೈಗೆ ಕೊಟ್ಟರು. ನಮ್ಮ ಗಡಿನಾಡಿನವರ ಪಾಡು ತಮಗೆ ಗೊತ್ತಿದೆ. ತೆಂಕಲಾಗಿ ಹೋದರೆ ಮಲಯಾಳದ ಕಾಗದ, ಬಡಗಲಾಗಿ ಹೋದರೆ ಇಂಗ್ಲಿಷಿನ ಕಾಗದ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಅಕ್ಕ ಕನ್ನಡಕ ಹಾಕಿಕೊಂಡು ಮೂರೂ ಪುಟಗಳನ್ನು ತಿರುವಿ ನೋಡಿ ಲೇಖನಿಯನ್ನು ಕೆಳಗಿಟ್ಟರು. “ತಮ್ಮಾ, ನನಗೆ ರುಜು ಹಾಕಲು ಬರುತ್ತದೆ. ಆದರೆ ತಿಳಿಯದ ಕಾಗದಕ್ಕೆ ಹಾಕಲಾರೆ. ನೀನು ಊರ ಮಕ್ಕಳಿಗೆಲ್ಲ ಅರ್ಥ ಹೇಳುತ್ತೀ; ನನಗೂ ಹೇಳು.”

ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಆ ರಾತ್ರಿ ಮೊದಲ ವಾಕ್ಯಕ್ಕೇ ನಾಲಿಗೆ ತಡವರಿಸಿತು. ವೈದ್ಯರಲ್ಲಿ ಕೇಳಿ ಕೇಳಿ, ಮಾತು ಹುಡುಕಿ, ಅಕ್ಕನಿಗೆ ಹೇಳಿದುದನ್ನೇ ಈಗ ತಮಗೂ ಹೇಳುತ್ತೇವೆ.

ಪ್ರಜ್ಞೆ ತಪ್ಪಿಸುವುದಿಲ್ಲ, ಚುಚ್ಚುವ ಜಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ತೊಡೆಯ ಸಂದಿಯಲ್ಲೋ ಮಣಿಕಟ್ಟಿನಲ್ಲೋ ತೋಳಿನಲ್ಲೋ ಸೂಜಿ ಹಾಕಿ ಧಮನಿಯೊಳಕ್ಕೆ ಸಣ್ಣ ಕೊಳವೆಯನ್ನು ಸೇರಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಔಷಧವನ್ನು ಕೊಡುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಬಣ್ಣದ್ರವವನ್ನು ಬಿಟ್ಟು ಕಿರಿದಾದ ಜಾಗವನ್ನು ಗುರುತಿಸುತ್ತಾರೆ. ಆಗ ಮೈಯೊಳಗೆ ಬಿಸಿ ಹರಿದಂತಾಗುವುದುಂಟು. ಮೊದಲು ನವುರಾದ ತಂತಿಯೊಂದು ಆ ಇಕ್ಕಟ್ಟನ್ನು ದಾಟುತ್ತದೆ. ಅದರ ಮೇಲೆ ಮಡಿಸಿದ ಬಲೂನು ಹೋಗುತ್ತದೆ. ಆ ಧಮನಿಯ ಸಹಜವಾದ ಅಗಲ ಸುಮಾರು 7-8 ಮಿಲಿಮೀಟರ್. ಬಲೂನನ್ನೂ ಅದಕ್ಕೆ ಹೊಂದುವಂತೆ ಆರಿಸುತ್ತಾರೆ. ಅದರಲ್ಲಿ ತುಂಬುವುದು ಗಾಳಿಯಲ್ಲ, ನೀರಾಗಿಸಿದ ಬಣ್ಣದ್ರವ. ಒಂದು ವೇಳೆ ಬಲೂನು ಒಡೆದರೂ ರಕ್ತಕ್ಕೆ ಗಾಳಿ ಸೇರಬಾರದೆಂದು ಈ ಎಚ್ಚರಿಕೆ. ಒತ್ತಡವನ್ನು ಮುಳ್ಳು ನೋಡಿ ಮೆಲ್ಲನೆ ಏರಿಸುತ್ತಾರೆ. ಜಿಡ್ಡಿನ ಪದರ ಬಿರಿದು, ಧಮನಿಯ ಗೋಡೆ ಹಿಗ್ಗಿ, ದಾರಿ ಅಗಲವಾಗುತ್ತದೆ. ಅದು ಮತ್ತೆ ಕುಗ್ಗದಂತೆ ಅನೇಕರಿಗೆ ಸ್ಟೆಂಟ್ ಎಂಬ ಲೋಹದ ಜಾಲರಿಕೊಳವೆಯನ್ನು ಅಲ್ಲೇ ನಿಲ್ಲಿಸುತ್ತಾರೆ. ಮಿದುಳಿಗೆ ಹೋಗುವ ಕವಲಿನ ಬಾಯಿಯನ್ನು ಅದು ಮುಚ್ಚದಂತೆ ನೋಡಿಕೊಳ್ಳಬೇಕು. ಕೊನೆಗೆ ಬಲೂನನ್ನು ಕುಗ್ಗಿಸಿ ಎಲ್ಲವನ್ನೂ ಹೊರತೆಗೆಯುತ್ತಾರೆ. ತೊಡೆಯ ಸಂದಿಯಲ್ಲಿ ಚುಚ್ಚಿದ್ದರೆ ಕೆಲವು ಗಂಟೆ ಕಾಲನ್ನು ಮಡಿಸದೆ ಮಲಗಬೇಕು.

“ಅಪಾಯವಿಲ್ಲವೇ?” ಎಂದು ಅಕ್ಕ ಕೇಳಿದರು. ಇದ್ದೇ ಇದೆ, ಅದನ್ನು ಮುಚ್ಚಿಡದೆ ಹೇಳಿದೆವು. ಚುಚ್ಚಿದಲ್ಲಿ ರಕ್ತ ಸೋರಬಹುದು. ಬಣ್ಣದ್ರವದಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಆದುದರಿಂದ ಸಕ್ಕರೆ ಕಾಯಿಲೆಯವರು ತಮ್ಮ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ಮೊದಲೇ ತೋರಿಸಬೇಕು. ಎಲ್ಲಕ್ಕಿಂತ ಅಂಜತಕ್ಕದ್ದು, ಜಿಡ್ಡಿನ ಚೂರು ಕಳಚಿ ಮಿದುಳಿಗೆ ಹೋಗಿ ಪಾರ್ಶ್ವವಾಯುವಾಗುವುದು, ಅದು ಅಪರೂಪ. ಇಲ್ಲಿ ಪ್ರಕೃತಿಯೇ ಒಂದು ಕಾವಲನ್ನು ಇಟ್ಟಿದೆ. ರಕ್ತಚೌರ್ಯವಿದ್ದವರಲ್ಲಿ ದಾರಿ ತೆರೆದೊಡನೆ ಕವಲಿನ ಹರಿವು ಮಿದುಳಿನ ಕಡೆಗೆ ತಿರುಗುವುದಿಲ್ಲ. ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳವರೆಗೆ ಕೈಯ ಕಡೆಗೇ ಹರಿಯುತ್ತಿರುತ್ತದೆ. ಅಷ್ಟರಲ್ಲಿ ಚೂರೇನಾದರೂ ಕಳಚಿದ್ದರೆ ಅದು ಮಿದುಳಿಗೆ ಏರದೆ ಕೈಗೆ ಇಳಿಯುವ ಸಂಭವವೇ ಹೆಚ್ಚು. ದಾರಿ ಪೂರ್ತಿ ಮುಚ್ಚದೆ ಕಿರಿದಾಗಿದ್ದರೆ ಹತ್ತರಲ್ಲಿ ಒಂಬತ್ತಕ್ಕಿಂತಲೂ ಹೆಚ್ಚು ಮಂದಿಗೆ ಚಿಕಿತ್ಸೆ ಫಲಿಸುತ್ತದೆ. ಪೂರ್ತಿ ಮುಚ್ಚಿದ್ದರೆ ಅಷ್ಟು ಸುಲಭವಲ್ಲ. ಕೆಲವರಿಗೆ ವರ್ಷಗಳ ಮೇಲೆ ದಾರಿ ಮತ್ತೆ ಕಿರಿದಾಗುವುದೂ ಉಂಟು.

ಇಷ್ಟನ್ನು ಕೇಳಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಸರಿ, ಈಗ ಕೊಡು,” ಎಂದು ಕನ್ನಡದಲ್ಲಿ ರುಜು ಹಾಕಿದರು.

ಮರುದಿನ ಸಂಜೆ ಅವರ ಎಡ ಮಣಿಕಟ್ಟಿನ ಮೇಲೆ ಬೆರಳಿಟ್ಟೆವು. ನಾಡಿ ಸಿಕ್ಕಿತು. ಎರಡೂ ಕೈಗಳ ಒತ್ತಡದ ಅಂತರ ಎಂಟಕ್ಕೆ ಇಳಿದಿತ್ತು. ಕಾಯಿಲೆ ಅಲ್ಲಿಗೆ ಮುಗಿಯಲಿಲ್ಲ. ಇಷ್ಟು ಕಾಲ ಮರೆಯಲ್ಲಿದ್ದ ಏರೊತ್ತಡ ಈಗ ಎರಡೂ ಕೈಗಳಲ್ಲಿ ಬಯಲಾಯಿತು. ಅದಕ್ಕೆ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ಕೊಬ್ಬಿಗೆ ಮಾತ್ರೆ ಇವು ನಿತ್ಯದ ವ್ರತವಾಗಿವೆ. ಬಲೂನು ದಾರಿಯನ್ನು ತೆರೆಯಿತು. ತೆರೆದ ದಾರಿಯನ್ನು ಕಾಯುವುದು ಔಷಧವೂ ಪಥ್ಯವೂ. ಅಕ್ಕ ಈಗ ನೀರು ಸೇದುತ್ತಾರೆ. ನಾವು ಬೇಡವೆಂದರೂ ಕೇಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಧಮನಿ ಕಿರಿದಾದವರೆಲ್ಲರಿಗೂ ಬಲೂನು ಬೇಕಿಲ್ಲ. ತೊಂದರೆಯೇ ಇಲ್ಲದವರಲ್ಲಿ ಹೆಚ್ಚಿನವರಿಗೆ ಔಷಧವೂ ಧೂಮಪಾನದ ತ್ಯಾಗವೂ ಸಾಕು. ಕೈ ಸೋಲುವವರು, ತಲೆ ಸುತ್ತುವವರು, ಬೆರಳಿನಲ್ಲಿ ಹುಣ್ಣಾದವರು, ಎದೆಯ ಒಳಭಾಗದ ಧಮನಿಯನ್ನು ಹೃದಯಕ್ಕೆ ಜೋಡಿಸುವ ಬೈಪಾಸ್ ಆದವರು ಅಥವಾ ಆಗಲಿರುವವರು ಇವರ ವಿಷಯದಲ್ಲಿ ವೈದ್ಯರು ಆಲೋಚಿಸುತ್ತಾರೆ. ಆ ಧಮನಿಯೂ ಕೈಯ ಧಮನಿಯಿಂದಲೇ ಹೊರಡುವುದರಿಂದ ಬುಡ ಕಿರಿದಾದರೆ ಹೃದಯಕ್ಕೇ ರಕ್ತ ಕಡಿಮೆಯಾಗುವುದು. ತಕಯಾಸು ರೋಗದಲ್ಲಿ ಉರಿಯೂತವನ್ನು ಔಷಧದಿಂದ ಶಮನ ಮಾಡಿದ ಮೇಲೆಯೇ ಬಲೂನಿನ ಮಾತು. ಕತ್ತಿನ ಬುಡದಲ್ಲಿ ಹೆಚ್ಚುವರಿ ಪಕ್ಕೆಲುಬು ಬೆಳೆದು ಧಮನಿಯನ್ನು ಹೊರಗಿನಿಂದ ಒತ್ತಿದ್ದರೆ ಒಳಗೆ ಬಲೂನು ಊದಿ ಪ್ರಯೋಜನವಿಲ್ಲ. ಒತ್ತುವ ಎಲುಬನ್ನೇ ತೆಗೆಯಬೇಕು. ಬಲೂನು ಸಾಗದವರಿಗೆ ಕತ್ತಿನ ಧಮನಿಯಿಂದ ಕೈಯ ಧಮನಿಗೆ ಸೇತುವೆ ಕಟ್ಟುವ ಶಸ್ತ್ರಚಿಕಿತ್ಸೆಯೂ ಇದೆ.

ಇನ್ನು ಮೂರು ಬಿನ್ನಹಗಳನ್ನು ಮಾಡಿ ಮುಗಿಸುತ್ತೇವೆ. ಮೊದಲನೆಯದು: ಮುಂದಿನ ಸಲ ರಕ್ತದೊತ್ತಡವನ್ನು ಅಳೆಯಿಸುವಾಗ ಎರಡೂ ತೋಳುಗಳಲ್ಲಿ ಅಳೆಯಿರೆಂದು ಕೇಳಿರಿ. ಅಂತರ ಹತ್ತರೊಳಗಿದ್ದರೆ ಸಾಮಾನ್ಯ. ಹದಿನೈದಕ್ಕೆ ಮೇಲ್ಪಟ್ಟು ಮತ್ತೆ ಮತ್ತೆ ಕಂಡರೆ ಕಾರಣವನ್ನು ವಿಚಾರಿಸಿರಿ. ಮುಂದೆ ಹೆಚ್ಚು ತೋರುವ ಕೈಯಲ್ಲೇ ಅಳೆಯಿಸಿರಿ. ಇದಕ್ಕೆ ಹಣ ಬೇಕಿಲ್ಲ, ಎರಡು ನಿಮಿಷ ಸಾಕು. ಎರಡನೆಯದು: ಮನೆಯ ಹೆಣ್ಣುಮಕ್ಕಳು ಕೈ ಸೋಲುತ್ತದೆಂದರೆ ನಮ್ಮಂತೆ ತೈಲದ ಸೀಸೆ ಕಳುಹಿಸಿ ಸುಮ್ಮನಾಗಬೇಡಿರಿ. ಮೂರನೆಯದು ಸಂಘಕ್ಕೆ: ನಮ್ಮ ಸೀಮೆಯ ವೈದ್ಯರೂ ಕನ್ನಡ ಅಧ್ಯಾಪಕರೂ ಒಟ್ಟಿಗೆ ಕುಳಿತು ಇಂಥ ಚಿಕಿತ್ಸೆಗಳ ವಿವರವನ್ನು ತಿಳಿಗನ್ನಡದಲ್ಲಿ ಒಂದೊಂದು ಹಾಳೆಯಲ್ಲಿ ಬರೆದು ಅಚ್ಚು ಹಾಕಿಸಲಿ. ಬರೆಯುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಪ್ರತಿವರ್ಷ ಇಲ್ಲಿ ಹೇಳುತ್ತೇವೆ. ತನ್ನ ದೇಹಕ್ಕೆ ಏನಾಗಲಿದೆಯೆಂಬುದನ್ನು ತನ್ನ ಮಾತಿನಲ್ಲಿ ತಿಳಿದು, ತನ್ನ ಲಿಪಿಯಲ್ಲಿ ರುಜು ಹಾಕುವ ಅಕ್ಕಂದಿರು ಇರುವಷ್ಟು ಕಾಲ ಅದು ಉಳಿಯುತ್ತದೆ.